ಚರಗದ ಮರುದಿನ

ತಿಮ್ಮವ್ವನ ಮನೆಯಿಂದ ಬರಿ ಹೊಟ್ಟೆಯಲ್ಲಿ ಹೊರಬಿದ್ದವರು ಯಾರೂ ಇರಲಿಲ್ಲ. ವಳಕಮದಿನ್ನಿಯಲ್ಲಿ ಅದೇ ಅವಳ ಹೆಸರು, ಅದೇ ಜಂಬ, ಒಮ್ಮೊಮ್ಮೆ ಬಂದವರ ಪಾಲಿಗೆ ಅದೇ ಶಿಕ್ಷೆ. ಸಾಕು ಎಂದು ಗಂಗಾಳಕ್ಕೆ ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ನೀಡುವ ಹೆಂಗಸು ಅವಳು. ಮಗ ಕನಕರಾಯನಿಗೆ ಸಿಂಧನೂರಿನ ಗೊಬ್ಬರದಂಗಡಿಯಲ್ಲಿ ಕೆಲಸ ಸಿಕ್ಕಿತು. ಗಂಡ ಆದಪ್ಪನನ್ನು ಕರೆದುಕೊಂಡು ಅವಳೂ ಅಲ್ಲಿಗೆ ಬಂದಳು. ಬಂದಾಗಿನಿಂದ ದಂಗಾಗುವುದೇ ಅವಳ ಕೆಲಸವಾಯಿತು.

ಮೊದಲು ದಂಗುಬಡಿಸಿದವರು ಲಿಂಗಸುಗೂರಿನ ಡಾಕ್ಟರು. ಆದಪ್ಪನಿಗೆ ಸಕ್ಕರೆ ಕಾಯಿಲೆ; ಕಾಲಿನ ಹೆಬ್ಬೆರಳ ಗಾಯ ಏನು ಮಾಡಿದರೂ ಮಾಯುತ್ತಿರಲಿಲ್ಲ. ಬಾಯಿ ಕಟ್ಟದಿದ್ದರೆ ಬೆರಳು ಹೋಗುತ್ತದೆ, ಆಮೇಲೆ ಕಾಲು, ಆಮೇಲೆ ಮನುಷ್ಯನೇ ಹೋಗುತ್ತಾನೆ ಎಂದು ಅವರು ಮುಖಕ್ಕೆ ಹೊಡೆದಂತೆ ಹೇಳಿದರು. ಮನೆಗೆ ಮರಳುವ ಬಸ್ಸು ಮಸ್ಕಿ ದಾಟಿದರೂ ತಿಮ್ಮವ್ವನ ಬೈಗುಳ ಮುಗಿದಿರಲಿಲ್ಲ. ಜೀವಮಾನವೆಲ್ಲ ದುಡಿದವನ ಬಾಯಿಗೆ ಬೀಗ ಹಾಕು ಅನ್ನುವವನು ಎಂಥ ವೈದ್ಯ? ಸೊಸೆ ಕನಕಮ್ಮ ಅಳತೆ ಮಾಡಿ ನೀಡಿದ ಜೋಳದ ರೊಟ್ಟಿ ತಿಂದು ಎದ್ದ ಗಂಡನಿಗೆ ಸೆರಗಿನ ಮರೆಯಲ್ಲಿ ಒಂದು ಶೇಂಗಾ ಉಂಡೆ, ಒಂದು ಚೂರು ಹೋಳಿಗೆ ತಲುಪುತ್ತಲೇ ಇತ್ತು. ಮುದುಕನ ಮುಖ ಅರಳುತ್ತಿತ್ತು. ಬೆರಳು ಮಾತ್ರ ಕಪ್ಪಾಗುತ್ತ ಹೊರಟಿತ್ತು.

ಎರಡನೆಯದು ಪಡಸಾಲೆಯ ಗಾಜಿನ ತೊಟ್ಟಿ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಊರಿನ ಮಂದಿಯೆಲ್ಲ ಟಿವಿ ತಂದರೆ ನಮ್ಮ ಕನಕರಾಯ ರಾಯಚೂರಿನಿಂದ ಕೆಂಪು ಮೀನು ತಂದಿದ್ದ. ಯಾವಾಗ ಕರಿಯುತ್ತೀರಿ ಎಂದು ಕೇಳಿದ ಪಕ್ಕದ ಮನೆಯ ಗುಲ್ಷನ್‌ಬೀ ಮೇಲೆ ಅವನಿಗೆ ಇನ್ನೂ ಸಿಟ್ಟಿತ್ತು. ಅವನು ಮೀನಿಗೆ ಹಾಕುವುದು ದಿನಕ್ಕೆ ಒಂದೇ ಚಿಟಿಕೆ ಆಹಾರ. ವಾರಕ್ಕೊಮ್ಮೆ ತೊಟ್ಟಿಯ ಒಂದಿಷ್ಟು ನೀರು ತೆಗೆದು, ಕೊಡದಲ್ಲಿ ಒಂದು ದಿನ ಇಟ್ಟ ಹೊಸ ನೀರು ಸುರಿಯುತ್ತಿದ್ದ. ಯಾರಾದರೂ ಹತ್ತಿರ ಹೋದರೆ ಸಾಕು, ಮೀನುಗಳು ಗಾಜಿಗೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಅದನ್ನು ಕಂಡು ತಿಮ್ಮವ್ವ ದಂಗಾದಳು. ತನ್ನ ಕಣ್ಣೆದುರಿಗೇ, ತನ್ನ ಮಗನ ಮನೆಯಲ್ಲೇ ಜೀವಗಳು ಹಸಿದು ಕೂತಿವೆಯಲ್ಲ!

ಅವತ್ತಿನಿಂದ ಮೀನಿಗೂ ಕದ್ದು ಅನ್ನ ಬೀಳತೊಡಗಿತು. ನೀರು ಹಸಿರಾಯಿತು, ಗಾಜಿಗೆ ಲೋಳೆ ಹತ್ತಿತು. ಕನಕರಾಯ ಬಿಸಿಲನ್ನು ಬೈದ, ಕಿಟಕಿಗೆ ಪರದೆ ಕಟ್ಟಿದ, ಮೂರು ದಿನಕ್ಕೊಮ್ಮೆ ನೀರು ಬದಲಿಸಿದ. ಕೊನೆಗೆ ತಳದಲ್ಲಿ ಉಬ್ಬಿದ ಅನ್ನದ ಅಗುಳು ಸಿಕ್ಕಾಗ ತಾಯಿಯನ್ನು ಎದುರಿಗೆ ಕೂಡಿಸಿಕೊಂಡ.

"ಯವ್ವಾ, ನೆಲ್ಲಿನ ಪೈರಿಗೆ ಯೂರಿಯಾ ಜಾಸ್ತಿ ಹಾಕಿದ್ರ ಏನಾಗ್ತದ?"

"ಹಸರಾಗಿ ಸೊಕ್ಕಿ ನೆಲಕ್ಕ ಬೀಳ್ತದ."

"ನೀರೂ ಹಂಗ. ಉಳಿದ ಕೂಳು ಅದಕ್ಕ ಗೊಬ್ಬರ. ಜಾಸ್ತಿ ಆದ್ರ ನೀರು ಕೆಡ್ತದ, ಮೀನಿಗೆ ಉಸ್ರು ಸಿಗಂಗಿಲ್ಲ."

ತಿಮ್ಮವ್ವ ತಲೆಯಾಡಿಸಿದಳು, ನಂಬಲಿಲ್ಲ. ಗೊಬ್ಬರದಂಗಡಿಯಲ್ಲಿ ಕೂತವನಿಗೆ ಅನ್ನವೂ ಗೊಬ್ಬರವಾಗಿ ಕಾಣುತ್ತದೆ, ಪಾಪ, ಎಂದುಕೊಂಡಳು.

ಅಷ್ಟರಲ್ಲಿ ಎಳ್ಳಮಾಸಿಯ ಹಬ್ಬ ಬಂತು. ಅಂದು ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನೆಲ್ಲ ಕಲೆಸಿ ಭೂಮಿತಾಯಿಗೆ ಚರಗ ಚೆಲ್ಲಬೇಕು. ಕಾಲುನೋವಿನ ಆದಪ್ಪನೊಬ್ಬನನ್ನು ಬಿಟ್ಟು ಎಲ್ಲರೂ ವಳಕಮದಿನ್ನಿಗೆ ಹೋದರು. ಮಗ ಸೊಸೆ ಅಲ್ಲಿಂದ ಬಳಗಾನೂರಿಗೆ, ಸೊಸೆಯ ತವರಿಗೆ ನಡೆದರು. ತಿಮ್ಮವ್ವ ಉಳಿದ ಚರಗದ ಬುಟ್ಟಿ, ಒಂದು ಡಬ್ಬಿ ಹೋಳಿಗೆ ಹಿಡಿದು ಸಂಜೆಯ ಬಸ್ಸಿಗೆ ಒಬ್ಬಳೇ ಸಿಂಧನೂರಿನ ಮನೆಗೆ ಬಂದಳು. ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯ, ಎಳ್ಳು ಹೋಳಿಗೆ ಎಲ್ಲ ಬೆರೆತು ಘಮಘಮ ಅನ್ನುತ್ತಿತ್ತು. ಭೂಮಿತಾಯಿ ಉಂಡ ಅನ್ನ ಯಾರಿಗೆ ತಾನೇ ಕೆಡುಕು ಮಾಡೀತು? ಗಂಡನಿಗೆ ಹೊಟ್ಟೆ ತುಂಬ ಉಣಿಸಿದಳು. ಹೊಲಕ್ಕೆ ಚೆಲ್ಲಿದ ಹಾಗೆಯೇ ತೊಟ್ಟಿಗೂ ಹಿಡಿಹಿಡಿಯಾಗಿ ಚೆಲ್ಲಿದಳು. ಮೀನುಗಳು ಮುಗಿಬಿದ್ದವು. ಎಷ್ಟೋ ತಿಂಗಳ ಮೇಲೆ ಅವಳಿಗೆ ಒಳ್ಳೆಯ ನಿದ್ದೆ ಹತ್ತಿತು.

ಬೆಳಿಗ್ಗೆ ಪಡಸಾಲೆಗೆ ಬಂದವಳು ಕೈಯ ಪೊರಕೆ ಬಿಟ್ಟಳು. ನೀರು ಕಲಗಚ್ಚಿನ ಹಾಗೆ ಬೆಳ್ಳಗೆ ಕದಡಿತ್ತು, ಮೂಗಿಗೆ ಹುಳಿತ ನಾತ ಬಡಿಯಿತು. ಮೀನುಗಳೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಒಂದೂ ಉಳಿದಿರಲಿಲ್ಲ. ಮೊದಲ ಬಸ್ಸಿಗೆ ಬಂದ ಮಗ ಸೊಸೆ ಒಳಗೆ ಕಾಲಿಟ್ಟಾಗಲೂ ಅವಳು ನೆಲದಲ್ಲಿ ಕೂತವಳು ಕೂತೇ ಇದ್ದಳು. ಕನಕರಾಯ ಕೂಗಾಡಿದ್ದರೆ ಅವಳಿಗೆ ಒಂದಿಷ್ಟು ಹಗುರವಾಗುತ್ತಿತ್ತೇನೋ. ಅವನು ಅಂಗಿಯ ತೋಳು ಮಡಚಿ ಒಂದೊಂದೇ ಮೀನನ್ನು ಎತ್ತಿ ಹೊರಗಿಡತೊಡಗಿದ.

"ನಾ ಅನ್ನ ಹಾಕೀನಪಾ," ಎಂದಳು ತಿಮ್ಮವ್ವ. "ಇಸ ಹಾಕಿಲ್ಲ."

"ಅನ್ನನ ಇಸ ಆತು, ಯವ್ವಾ."

ಅನ್ನ ವಿಷವಾಗುತ್ತದೆ ಎಂಬ ಮಾತನ್ನು ಹುಟ್ಟಿದಾಗಿನಿಂದ ಅವಳು ಕೇಳಿರಲಿಲ್ಲ, ಕೇಳಿದ್ದರೆ ಹೇಳಿದವರನ್ನು ಬಿಡುತ್ತಲೂ ಇರಲಿಲ್ಲ. ಈಗ ಅದು ಕಣ್ಣೆದುರು ತೇಲುತ್ತಿತ್ತು. ಅದೇ ಹೊತ್ತಿಗೆ ಒಳಗಿನ ಕೋಣೆಯಿಂದ ಆದಪ್ಪ, ಹೋಳಿಗೆ ಇನ್ನೂ ಉಳಿದಿದೆಯಾ ಎಂದು ಕೂಗಿ ಕೇಳಿದ.

ತಿಮ್ಮವ್ವ ಎದ್ದು ಹೋಗಿ ಅವನ ಕಾಲ ಬಳಿ ನಿಂತಳು. ಬೆರಳಿಗೆ ಸುತ್ತಿದ ಬಟ್ಟೆಯಿಂದ ನಾತ ಬರುತ್ತಿತ್ತು. ಅದು ಮುಲಾಮಿನ ವಾಸನೆ ಎಂದು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದಳು. ಅಲ್ಲ, ಅದು ಕೊಳೆತ ನಾತ.

"ಹೋಳಿಗಿ ಅದ ರೀ," ಎಂದಳು. "ನಿಮಗ ಕೊಡಂಗಿಲ್ಲ."

ಆದಪ್ಪ ನಂಬದೆ ಅವಳ ಮುಖ ನೋಡಿದ. ತಮಾಷೆಯಲ್ಲ ಎಂದು ತಿಳಿದ ಮೇಲೆ ಗೋಡೆಯತ್ತ ಹೊರಳಿ, ಮಗನ ಮನೆಯಲ್ಲಿ ಹೆಂಡತಿಯೇ ಉಪವಾಸ ಕೆಡವಿದಳು ಎಂದು ಓಣಿಗೆಲ್ಲ ಕೇಳುವ ಹಾಗೆ ಅಳತೊಡಗಿದ. ಜೀವಮಾನದಲ್ಲಿ ಅವಳು ಯಾವ ಮಾತಿಗೆ ಹೆದರಿದ್ದಳೋ ಅದೇ ಮಾತು. ಆದರೂ ಹೋಳಿಗೆಯ ಡಬ್ಬಿಯನ್ನು ಗುಲ್ಷನ್‌ಬೀ ಮನೆಗೆ ಕೊಟ್ಟು ಬಾ ಎಂದು ಸೊಸೆಯನ್ನು ಕಳಿಸಿ, ಮಗನ ಕಡೆ ತಿರುಗಿದಳು.

"ಲಿಂಗಸುಗೂರಿಗೆ ಈಗ ಹೋಗೂಣು ನಡಿ. ಕದ್ದು ಏನೇನು ತಿನ್ಸೀನಿ, ಎಲ್ಲಾ ಡಾಕ್ಟ್ರ ಮುಂದ ನಾನ ಹೇಳ್ತೀನಿ."