ಕ್ಯಾಮೆರಾಕ್ಕೆ ಬಳೆ ತೊಡಿಸಿದ್ದು

ನಿನ್ನೆ ನಳ ರಿಪೇರಿಗೆ ಬಂದವನು ಹೋಗುವಾಗ ಕಿಟಕಿಯಲ್ಲಿ ಒಂದು ಹಿತ್ತಾಳೆಯ ಉಂಗುರ ಬಿಟ್ಟುಹೋದ. ಎರಡು ಬದಿಗೂ ತಿರುಪು, ನಡುವೆ ಬರೀ ಗಾಳಿ. ಅದನ್ನು ಕಣ್ಣಿಗೆ ಹಿಡಿದು ನನ್ನದೇ ಹೆಬ್ಬೆರಳನ್ನು ನೋಡಿದೆ. ಹೆಬ್ಬೆರಳು ಇದ್ದಷ್ಟೇ ಇತ್ತು. ನೀವು ನಗಬಹುದು. ಆದರೆ ಇಂಥವೇ ಮೂರು ಉಂಗುರಗಳು, ಒಳಗೆ ಗಾಜಿನ ಚೂರೂ ಇಲ್ಲದೆ, ಜೋಳದ ಕಾಳಿನಷ್ಟಿದ್ದ ಮುಖವನ್ನು ಅಂಗೈಯಷ್ಟು ಮಾಡಿದ್ದನ್ನು ನಾನು ಕಂಡಿದ್ದೇನೆ.

ಆಗ ನಾನು ಶಹಾಬಾದದಲ್ಲಿ ಮಾಸ್ತರ. ನಿಜಾಮರ ಆಳಿಕೆ ಮುಗಿದು ಐದಾರು ವರ್ಷವಾಗಿತ್ತು. ಅದು ಮುಗಿಯುವಾಗಿನ ಕೊಲೆ ಸುಲಿಗೆಯ ಗದ್ದಲದಲ್ಲಿ ಕಂಡದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ, ಆದರೆ ಕೈ ಹೇಳಿಬಿಡುತ್ತಿತ್ತು. ಚಹಾ ಹಿಡಿದರೆ ಕಪ್ಪಿಗೂ ಬಸಿಗೂ ಜಗಳ. ಇಂಥ ನನ್ನನ್ನು ಉಸ್ಮಾನ ಭಾಯಿ ತಮ್ಮ ಫೋಟೋ ಅಂಗಡಿಗೆ ಸಹಾಯಕ್ಕೆ ಕರೆಯುತ್ತಿದ್ದರೆಂದರೆ ಅವರ ಧೈರ್ಯವನ್ನು ಮೆಚ್ಚಬೇಕು.

ಊಟ ನೀಲಮ್ಮಕ್ಕನ ಮನೆಯಲ್ಲಿ. ಚಿಮ್ಮನಚೋಡದಿಂದ ಬಂದ ಆಕೆ ನಮ್ಮಂಥ ಒಂಟಿಗರಿಗೆ ರೊಟ್ಟಿ ಮಾಡಿ ಹಾಕುತ್ತಿದ್ದಳು. ಗದ್ದಲದ ವರ್ಷ ಸೇಡಮ್ಮಿಗೆ ಹೋದ ಗಂಡ ತಿರುಗಿ ಬಂದಿರಲಿಲ್ಲ. ಸತ್ತ ಸುದ್ದಿಯೂ ಬಂದಿರಲಿಲ್ಲವಾದ್ದರಿಂದ ಆಕೆ ಬಳೆ ತೆಗೆದಿರಲಿಲ್ಲ. ಆಗ ಹೊಟ್ಟೆಯಲ್ಲಿದ್ದ ಮಗಳು ಶಾಂತಾ ಈಗ ದಿನವೂ ಒಂದೇ ಮಾತು ಕೇಳುತ್ತಿದ್ದಳು.

"ಯವ್ವಾ, ನಮ್ಮಪ್ಪ ಹ್ಯಾಂಗಿದ್ದ?"

"ಮನಷ್ಯಾರಂಗ ಇದ್ರು."

"ಮೂಗು?"

"ಇತ್ತು. ಉಣ್ಣು."

ಒಂದು ದಿನ ನೀಲಮ್ಮಕ್ಕ ಟ್ರಂಕಿನಿಂದ ಯಾರದೋ ಮದುವೆಯ ಫೋಟೋ ತೆಗೆದಳು. ಗಂಡಸರದೇ ಗುಂಪು, ಮುಖಗಳೆಲ್ಲ ಜೋಳದ ಕಾಳು. "ಮಾಸ್ತರ, ಇದ್ರಾಗ ಅವರದಾರ. ದೊಡ್ಡದು ಮಾಡ್ಲಿಕ್ಕ ಬರ್ತದೇನ್ರಿ? ಹುಡುಗಿ ಒಮ್ಮೆರ ಅಪ್ಪನ ಮಾರಿ ನೋಡ್ಲಿ."

ಮೂವರೂ ಉಸ್ಮಾನ ಭಾಯಿಯ ಅಂಗಡಿಗೆ ಹೋದೆವು. ಅವರು ಫೋಟೋವನ್ನು ಮೂಗಿಗೆ ತಾಗಿಸಿ ನೋಡಿ, "ಆಗ್ತದ. ಕ್ಯಾಮೆರಾಕ್ಕ ಬಳಿ ಇಡಸಬೇಕು" ಎಂದರು. ಮೊದಲು ಹೇಳಿದ ಆ ಮೂರು ಉಂಗುರಗಳಿಗೆ ಅವರಿಟ್ಟ ಹೆಸರು ಬಳೆ.

"ಇಡಸ್ರಿ," ಎಂದಳು ನೀಲಮ್ಮಕ್ಕ. "ತಗೀ ಅನ್ನೋ ಮಂದೀನೇ ಭಾಳ ಆಗ್ಯಾರ."

ಈ ಬಳೆಗಳ ಸ್ವಭಾವ ಹೇಳಬೇಕು. ಕ್ಯಾಮೆರಾಕ್ಕೂ ಅದರ ಕಣ್ಣಾದ ಲೆನ್ಸಿಗೂ ನಡುವೆ ಇವನ್ನು ತಿರುಗಿಸಿ ಕೂರಿಸಿದರೆ ಕಣ್ಣು ಮುಂದೆ ಸರಿದು, ವಸ್ತುವಿನ ತೀರ ಹತ್ತಿರ ಹೋಗಿ ನೋಡಬಲ್ಲದು. ಮಿಕ್ಕಿದ್ದೆಲ್ಲ ಕೈಗೆಲಸ. ಚಿತ್ರ ಸ್ಪಷ್ಟವಾಗಬೇಕಾದರೆ ಇಡೀ ಕ್ಯಾಮೆರಾವನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಬೇಕು. ನೋಡುವಾಗ ಕಣ್ಣಿನ ಕಿಂಡಿ ತೆರೆದಿರಬೇಕು, ತೆಗೆಯುವ ಮೊದಲು ಬೆರಳಿನಿಂದ ಕಿರಿದು ಮಾಡಬೇಕು. ಉಸ್ಮಾನ ಭಾಯಿ ಅದನ್ನು ಮರೆತು ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಒಂದೊಂದು ಬಳೆಯೂ ಬೆಳಕನ್ನು ತಿನ್ನುತ್ತದೆ. ಅದಕ್ಕೆ ಫೋಟೋವನ್ನು ಅಂಗಳದ ಬಿಸಿಲಿನಲ್ಲಿ ಹಾಸುಗಲ್ಲಿನ ಮೇಲಿಟ್ಟು, ನಾನು ಬಿಳಿ ಬಟ್ಟೆ ಹಿಡಿದು ಇನ್ನಷ್ಟು ಬೆಳಕು ಬೀಳಿಸಬೇಕು. ಅತ್ತ ಗಣಿಯಲ್ಲಿ ಬಂಡೆ ಸಿಡಿಸಿದರೆ ಇತ್ತ ಹಾಸುಗಲ್ಲು ನಡುಗಿ ಎಲ್ಲ ಕೆಡುತ್ತಿತ್ತು. ಮೂರು ಬಳೆ ತೊಟ್ಟ ಕ್ಯಾಮೆರಾಕ್ಕೆ ಇರುವೆ ನಡೆದರೂ ಭೂಕಂಪ.

"ಇದ್ರಾಗ ನಿಮ್ಮವರು ಯಾರವ್ವಾ?"

ಗಂಡನ ಹೆಸರು ಹೇಳುವಂತಿಲ್ಲ. ಬೆರಳು ಮಾಡಿ ತೋರಿಸುವುದು ಇನ್ನೂ ತಪ್ಪು. ನೀಲಮ್ಮಕ್ಕ ಎಲ್ಲೋ ನೋಡುತ್ತ, "ಕಂಬದ ಬಾಜೂಕ. ರುಮಾಲ ಸುತ್ಯಾರ" ಎಂದಳು. ಕಂಬದ ಎರಡೂ ಬದಿಗೆ ರುಮಾಲಿನವರಿದ್ದರು. ಉಸ್ಮಾನ ಭಾಯಿ ಮೀಸೆ ದೊಡ್ಡದಿದ್ದವರನ್ನು ಆರಿಸಿಕೊಂಡರು.

ಎರಡು ದಿನ ಬಿಟ್ಟು ನಾವಿಬ್ಬರೂ ಚಿತ್ರ ಒಯ್ದೆವು. ನೋಡಿದ್ದೇ ತಡ, ನೀಲಮ್ಮಕ್ಕ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಬಾಗಿಲ ಹಿಂದೆ ಸರಿದಳು. "ನೋಡಿದ್ರ್ಯಾ ಮಾಸ್ತರ," ಉಸ್ಮಾನ ಭಾಯಿ ಪಿಸುಗುಟ್ಟಿದರು, "ಇಷ್ಟು ವರ್ಷ ಆದ್ರೂ ಎಂಥಾ ನಾಚಕಿ!" ನಾನೂ ತಲೆಯಾಡಿಸಿದೆ. ಅಷ್ಟರಲ್ಲಿ ಶಾಂತಾ ಇಣುಕಿ ಕೂಗಿದಳು: "ಯವ್ವಾ, ಬೆಲ್ಲ ತರೋ ದೊಡ್ಡಪ್ಪ!"

"ನಮ್ಮ ಭಾವನವರನ್ನ ಎದುರಿಗಿ ಹಿಡಕೊಂಡು ನಿಂತೀರಲ್ರೀ!" ಬಾಗಿಲ ಹಿಂದಿನಿಂದ ದನಿ ಬಂತು. "ತಗೀರಿ ಮೊದಲು!"

ಭಾವ ಚೀಲದೊಳಗೆ ಹೋದ ಮೇಲೆ ಆಕೆ ಹೊರಬಂದಳು. ಒಂದು ಜೋಳದ ಕಾಳು ತಂದು, ಮದುವೆಯ ಫೋಟೋದಲ್ಲಿ ಕಂಬದ ಇನ್ನೊಂದು ಬದಿಗಿದ್ದವರ ಕಾಲ ಬಳಿ ಇಟ್ಟಳು. ಹೆಸರೂ ಬರಲಿಲ್ಲ, ಬೆರಳೂ ತಾಗಲಿಲ್ಲ.

ಎರಡನೆಯ ಸಲ ಅಂಗಳದಲ್ಲಿ ತೆಗೆಯುವಾಗ ನನ್ನ ಕೈ ಬಹಳ ಮೋಸ ಮಾಡಿತು. ಬಟ್ಟೆ ಪಟಪಟ ಎನ್ನುತ್ತಿತ್ತು. ನೀಲಮ್ಮಕ್ಕ ತಾನೇ ಬಂದು ಇನ್ನೊಂದು ತುದಿ ಹಿಡಿದಳು.

"ಅವ್ವಾ, ಬಳಿ ಸಪ್ಪಳಾ!" ಎಂದರು ಉಸ್ಮಾನ ಭಾಯಿ.

"ಸಪ್ಪಳ ಫೋಟೋದಾಗ ಬರ್ತದೇನ್ರಿ? ಸುಮ್ನ ತಗೀರಿ."

ಮುಖ ಬಂತು. ಆದರೆ ಕಣ್ಣು ಮುಚ್ಚಿದ್ದವು. ಕಾಳಿನಷ್ಟಿದ್ದಾಗ ಅದು ಯಾರಿಗೂ ಕಂಡಿರಲಿಲ್ಲ. ಆಕೆಯ ಮನೆಯ ಹೊಸ್ತಿಲಲ್ಲಿ ಉಸ್ಮಾನ ಭಾಯಿ ಚಿತ್ರವನ್ನು ಬೋರಲು ಹಿಡಿದು ಮೆಲ್ಲಗೆ, "ಪೆನ್ಸಿಲ್ ಹಿಡದು ಕಣ್ಣು ತಿದ್ದಿ ತರ್ಲೇನು?" ಎಂದರು. ಹೂಂ ಎಂದೆ. ಕಣ್ಣು ಮುಚ್ಚಿದ ಮುಖಗಳನ್ನು ನಾನು ಸಾಕಷ್ಟು ನೋಡಿದ್ದೆ. ಆ ಮಗುವಿನ ಕೈಗೆ ಅಂಥದೊಂದನ್ನು ಕೊಡುವ ಧೈರ್ಯ ನನಗಿರಲಿಲ್ಲ.

ಶಾಂತಾ ಅಷ್ಟರಲ್ಲಿ ಅದನ್ನು ಕಿತ್ತುಕೊಂಡಿದ್ದಳು. "ಯವ್ವಾ, ಅಪ್ಪ ಮಕ್ಕೊಂಡಾನ!"

ನೀಲಮ್ಮಕ್ಕ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ನಾನು ನೆಲ ನೋಡಿದೆ. ಆಮೇಲೆ ಕೇಳಿದ್ದು ನಗು.

"ಮಕ್ಕೊಂಡಾರ! ನಿಂತಲ್ಲೇ ಮಕ್ಕೊಂಡಾರ! ಮದಿವ್ಯಾಗ ಎಲ್ಲಾರಿಗಿ ಹುಗ್ಗಿ ನೀಡಿ ಸಾಕಾಗಿತ್ತು. ಗಾಡ್ಯಾಗೂ ಹಿಂಗೇ ನೋಡ್ರಿ. ಎತ್ತು ತಾವೇ ಮನಿ ಹಿಡದು ಬರ್ತಿದ್ವು, ಇವರನ್ನ ನಾ ಎಬ್ಬಸ್ತಿದ್ದೆ."

"ಕಣ್ಣು ತಿದ್ದಲೇನವ್ವಾ?"

"ಬ್ಯಾಡ್ರಿ. ತೆರದ್ರ ಅವರಲ್ಲ."

"ಗೊರಕಿ ಹೊಡಿತಿದ್ನಾ?" ಎಂದಳು ಶಾಂತಾ. ತಾಯಿ ಹೊಡೆದು ತೋರಿಸಿದಳು. ಮಗಳು ಕಲಿತಳು. ಮೂಗಿನ ಬಗ್ಗೆ, ನಡಿಗೆಯ ಬಗ್ಗೆ, ಎತ್ತಿನ ಜೊತೆ ಆಡುತ್ತಿದ್ದ ಜಗಳದ ಬಗ್ಗೆ ಒಂದೊಂದಾಗಿ ಮಾತು ಹೊರಟವು. ಅಂದು ರೊಟ್ಟಿಯೆಲ್ಲ ಸೀದವು. ಯಾರೂ ತಕರಾರು ಮಾಡಲಿಲ್ಲ.

ಈಗ ಯಾರ ಮನೆಗಾದರೂ ಹೋದಾಗ ಹಳೆಯ ಗುಂಪಿನ ಫೋಟೋ ತೋರಿಸಿದರೆ, ನಾನು ಮೊದಲು ಹುಡುಕುವುದು ಕಣ್ಣು ಮುಚ್ಚಿದವರನ್ನು. ಎಷ್ಟೋ ವರ್ಷ ಅಂಥವರನ್ನು ಕಂಡರೆ ಪುಟ ತಿರುಗಿಸಿಬಿಡುತ್ತಿದ್ದೆ. ಈಗ, "ಇವರು ಯಾರು? ಯಾಕೆ ಹೀಗೆ?" ಎಂದು ಕೇಳುತ್ತೇನೆ. ಮನೆಯವರು ಮೊದಲು ನಾಚುತ್ತಾರೆ, ಆಮೇಲೆ ನಗುತ್ತ ಹೇಳಲು ಶುರುಮಾಡುತ್ತಾರೆ. ನಾನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತೇನೆ.