ಆಯಾ ಹಾಕಿದ ಷರತ್ತು

ಸವಣೂರಿನಲ್ಲಿ ನಾವು ನಿವೃತ್ತರೆಲ್ಲ ವಾರಕ್ಕೆ ಮೂರು ಮಧ್ಯಾಹ್ನ ಒಂದು ಹಳೆಯ ಖೋಲಿಯಲ್ಲಿ ಕೂಡುತ್ತೇವೆ. ಖಾರ, ಚಹಾ, ಹರಟೆ ಇದ್ದೇ ಇರುತ್ತದೆ. ಜೊತೆಗೊಂದು ಕಟ್ಟಳೆಯೂ ಇದೆ: ಪ್ರತಿಯೊಬ್ಬರೂ ತಮಗೆ ಗೊತ್ತಿದ್ದುದನ್ನು ಸರದಿಯ ಮೇಲೆ ಉಳಿದವರಿಗೆ ಕಲಿಸಬೇಕು. ಬಸ್ ಕಂಡಕ್ಟರ್ ಆಗಿದ್ದವರು ಮೊಬೈಲಿನಲ್ಲಿ ಟಿಕೆಟ್ ತೆಗೆಯುವುದನ್ನು ಕಲಿಸಿದರು. ನಾನು ಹೆಡ್‌ಮಾಸ್ತರ್ ಆಗಿದ್ದವನು; ನನ್ನ ಸರದಿ ಒಮ್ಮೆ ಶುರುವಾದರೆ ಮುಗಿಯುತ್ತಲೇ ಇರಲಿಲ್ಲ.

ಕಳೆದ ವರ್ಷ ಯಲವಿಗಿಯ ಒಬ್ಬ ಹೆಣ್ಣುಮಗಳು ಬಂದು ಸೇರಿದರು. ಆಸ್ಪತ್ರೆಯಲ್ಲಿ ಆಯಾ ಆಗಿ ನಿವೃತ್ತರಾದವರು. ಪಿಂಚಣಿಗೆಂದು ವರ್ಷಕ್ಕೊಮ್ಮೆ, ಬದುಕಿದ್ದೇವೆ ಎಂದು ಬ್ಯಾಂಕಿಗೆ ದಾಖಲೆ ಕೊಡಬೇಕಲ್ಲ, ಅಲ್ಲಿನ ಮಷಿನ್ ಅವರ ಹೆಬ್ಬೆಟ್ಟನ್ನು ಹಿಡಿಯುತ್ತಿರಲಿಲ್ಲ. ಫಿನೈಲಿನಲ್ಲಿ ನೆಲ ತೊಳೆದು ತೊಳೆದು ಗೆರೆಗಳೇ ಸವೆದಿದ್ದವು.

"ಜೀವಂತ ಅದೇನಿ ಅಂತ ಈ ಸಲ ನಾನ ಸಹಿ ಮಾಡ್ತೇನ್ರಿ ಸರ. ಕಲಸ್ರಿ," ಎಂದರು.

ತಿಂಗಳುಗಟ್ಟಲೆ ಕಲಿಸಿದೆ, ನನ್ನ ರೀತಿಯಲ್ಲಿ. ಒಂದು ದಿನ ಅದೇ ಅಕ್ಷರ ಮತ್ತೆ ತಪ್ಪಿದಾಗ, ಮೂವತ್ತು ವರ್ಷದ ರೂಢಿ ನೋಡಿ, ನನ್ನ ಕೈಯ ಫೂಟಪಟ್ಟಿ ಅವರ ಬೆರಳ ಗೆಣ್ಣಿನ ಮೇಲೆ ಬಿದ್ದೇಬಿಟ್ಟಿತು. ಅವರು ಅಕ್ಷರ ತಿದ್ದುತ್ತಿದ್ದ ಪಾಟಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಹೋದರು. ಎರಡು ವಾರ ಈ ಕಡೆ ತಲೆ ಹಾಕಲಿಲ್ಲ.

ನಾಚಿಕೆಯಿಂದ ನನಗೆ ಊಟ ಸೇರಲಿಲ್ಲ. ಅವರನ್ನು ಕರೆತಂದೇ ತರಬೇಕೆಂದು ಬಸ್ಸು ಹತ್ತಿ ಯಲವಿಗಿಗೆ ಹೋದೆ. ಅವರು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. "ನಂದ ತಪ್ಪಾತ್ರಿ," ಎಂದೆ. ಹಾಗೆ ಹೇಳಿ ನನಗೆ ರೂಢಿಯಿಲ್ಲ.

"ಬಡದದ್ದು ಬಿಡ್ರಿ ಸರ. ಎಲ್ಲಾರ ಸರದಿ ಬಂತು. ನಿನಗೇನು ಬರ್ತೈತಿ ಅಂತ ನನ್ನ ಯಾರರ ಕೇಳಿದ್ರೇನು? ನನಗೂ ಸರದಿ ಕೊಟ್ರ ಬರ್ತೇನಿ. ಇಲ್ಲಂದ್ರ ಬ್ಯಾಡ."

ಒಪ್ಪಿದೆ. ಅವರು ಮರಳಿ ಬಂದರು, ಹಟ ಹಿಡಿದು ತಿದ್ದಿದರು, ನವೆಂಬರಿನಲ್ಲಿ ಬ್ಯಾಂಕಿನವರ ಎದುರು ಸಹಿ ಮಾಡಿದರು. ಅವರ ಸರದಿ ಅದಕ್ಕೂ ಮೊದಲೇ ಬಂದಿತ್ತು.

ಆ ದಿನ ಎರಡು ಬೆಂಚು ಕೂಡಿಸಿ, ರೋಗಿಯೆಂದು ನನ್ನನ್ನೇ ಮಲಗಿಸಿದರು. ಹಾಸಿಗೆ ಹಿಡಿದವರಿಗೆ ನೋವಾಗದಂತೆ ಮಗ್ಗಲು ಬದಲಿಸುವುದು ಹೇಗೆ, ಬೆನ್ನಿಗೆ ಹುಣ್ಣಾಗದಂತೆ ದಿಂಬು ಎಲ್ಲಿಡಬೇಕು, ಇದು ಅವರ ಪಾಠ. ಒಂದು ಕೈ ಭುಜಕ್ಕೆ, ಒಂದು ಕೈ ಸೊಂಟಕ್ಕೆ. ದಡೂತಿ ಆಳಾದ ನಾನು ಹೂವಿನ ಹಾಗೆ ಹೊರಳಿದೆ.

ನನ್ನ ಹೆಂಡತಿ ತೀರಿಕೊಳ್ಳುವ ಮುಂಚೆ ಎರಡು ವರ್ಷ ಹಾಸಿಗೆಯಲ್ಲಿದ್ದಳು. ನಾನು ತೋಳು ಹಿಡಿದು ಎಳೆಯುತ್ತಿದ್ದೆ. ನರಳಿದರೆ ಗದರುತ್ತಿದ್ದೆ. ಇಷ್ಟು ಸುಲಭವಿತ್ತು ಅದು, ಮತ್ತು ಅದನ್ನು ಬಲ್ಲವರು ಎಂಟು ಮೈಲಿ ಆಚೆಗೆ ಇದ್ದರು. ಗೋಡೆಯ ಕಡೆ ಮುಖವಿದ್ದದ್ದೇ ಪುಣ್ಯ, ಮಲಗಿದಲ್ಲೇ ಅತ್ತೆ.

ಅವರಿಗೆ ತಿಳಿಯಿತೋ ಏನೋ. ಒಂದು ಗಳಿಗೆ ಬಿಟ್ಟು ಭುಜ ತಟ್ಟಿದರು.

"ಏಳ್ರಿ ಸರ. ಈಗ ಕಂಡಕ್ಟರ್ ಸಾಹೇಬ್ರು ಮಲಗತಾರ, ನೀವು ಹೊಳ್ಳಸ್ರಿ. ನಿಮಗ ಬರೂತನಾ ಬಿಡಾಂಗಿಲ್ಲ."