ದೇವಿಯ ಮೂಗುಬೊಟ್ಟು

ವರಮಹಾಲಕ್ಷ್ಮಿ ಹಬ್ಬದ ಮಾರನೆಯ ಬೆಳಿಗ್ಗೆ ಕಳಶ ಕದಲಿಸಲು ಹೋದರೆ ದೇವಿಯ ಬೆಳ್ಳಿ ಮುಖದಲ್ಲಿ ಮೂಗುಬೊಟ್ಟು ಇರಲಿಲ್ಲ. ಅತ್ತೆಗೆ ಅವರ ತಾಯಿ ಕೊಟ್ಟ ವಜ್ರದ್ದು. ಹಬ್ಬಕ್ಕೆ ಮಾತ್ರ ಮೇಣ ಒತ್ತಿ ಅಂಟಿಸುತ್ತೇವೆ. ಕಳಶದ ಅಕ್ಕಿ ಜರಡಿ ಹಿಡಿದೆ, ಬಾಡಿದ ಹೂವನ್ನೆಲ್ಲ ಬಿಡಿಸಿ ನೋಡಿದೆ. ಸಿಗಲಿಲ್ಲ.

"ಮೇಲಿನ ಮನೆಯವಳೇ," ಎಂದರು ಅತ್ತೆ.

ಜೆ.ಪಿ. ನಗರದ ನಮ್ಮ ಮನೆಯ ಮಹಡಿಗೆ ಆ ಹುಡುಗಿ ಆಗಷ್ಟೇ ಬಾಡಿಗೆಗೆ ಬಂದಿದ್ದಳು. ಒಬ್ಬಳೇ.

"ಅರಿಶಿನ ಕುಂಕುಮಕ್ಕೆ ಬಂದೋಳು ದೇವರ ಹಾರ ಸರಿ ಮಾಡಿದ್ಲು. ಆಮೇಲೆ ಬಾತ್‌ರೂಮಿಗೆ ಹೋದ್ಲು. ಬಂದೋಳೇ ತಾಂಬೂಲಾನೂ ತಗೊಳ್ದೆ ಓಡಿದ್ಲು. ಆಗಿಂದ ಬಾಗ್ಲೇ ತೆಗ್ದಿಲ್ಲ. ಇನ್ನೇನು ಬೇಕೆ ನಿಂಗೆ?"

ಎಲ್ಲವೂ ಹೊಂದಿಕೊಂಡಿತ್ತು. ಆ ಕಥೆಯ ಮೇಲೆ ನನಗೆ ಅನುಮಾನ ಬಂದದ್ದೂ ಅಲ್ಲೇ. ಸಂಜೆ ಮೆಟ್ಟಿಲಿಳಿಯುತ್ತಾ ಅವಳು ನಕ್ಕಳು. "ನಾಟಕ," ಎಂದರು ಅತ್ತೆ. ಮರುದಿನ ನಗದೆ ಹೋದಳು. "ನೋಡು, ಮುಖ ಕೊಡಕ್ಕಾಗ್ತಿಲ್ಲ!" ನಕ್ಕರೂ ಕಳ್ಳಿ, ನಗದಿದ್ದರೂ ಕಳ್ಳಿ. ಅವಳು ಏನು ಮಾಡಿದ್ದರೆ ಅತ್ತೆಯ ಕಥೆ ಸುಳ್ಳಾಗುತ್ತಿತ್ತು ಎಂದು ಯೋಚಿಸಿದೆ. ಏನೂ ಹೊಳೆಯಲಿಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಸಿಸ್ಟರ್, ನಮ್ಮ ಉತ್ತರವು ಪುಸ್ತಕದ ಕೊನೆಯಲ್ಲಿ ಕೊಟ್ಟಿದ್ದಕ್ಕೆ ತಾಳೆಯಾದರೂ, ಮಾಡಿದ ರೀತಿ ತೋರಿಸು ಎನ್ನುತ್ತಿದ್ದರು.

ನನ್ನದೂ ಒಂದು ಕಥೆ ಇತ್ತು. ಬಾತ್‌ರೂಮಿಗೆ ಹೋದಾಗ ಅವಳು ಮುಟ್ಟಾಗಿರಬೇಕು. ಅದಕ್ಕೇ ತಾಂಬೂಲ ಮುಟ್ಟದೆ ಹೊರಟಳು. ಇದೂ ಅಷ್ಟೇ ಚೆನ್ನಾಗಿ ಹೊಂದಿತು. ಆದರೆ ಇದು ನನಗೆ ಹಿಡಿಸಿದ್ದು ಅವಳು ಹಿಡಿಸಿದ್ದಕ್ಕೋ ಏನೋ.

ತಾಂಬೂಲ ಹಿಡಿದು ಮೇಲೆ ಹೋದೆ. "ಅವತ್ತು ಹೊರಗಾದ್ಯೇನಮ್ಮ?"

"ಹೂಂ ಆಂಟಿ, ಹೇಳಕ್ಕೆ ಒಂಥರಾ ಆಯ್ತು," ಎಂದಳು, ತಕ್ಷಣ.

ಇಳಿಯುವಾಗ ಗೊತ್ತಾಯಿತು, ಉತ್ತರವನ್ನು ನಾನೇ ಅವಳ ಬಾಯಿಗೆ ಇಟ್ಟಿದ್ದೆ. ನಿಜವಾದರೂ ಹೂಂ ಎನ್ನುತ್ತಿದ್ದಳು, ಸುಳ್ಳಾದರೂ ಹೂಂ.

ಕೆಳಗೆ ಅತ್ತೆ 'ಟು ಲೆಟ್' ಬೋರ್ಡು ಹಿಡಿದು ಗೇಟಿನ ಹತ್ತಿರ ನಿಂತಿದ್ದರು.

"ಕಟ್ಟಬೇಡಿ ಅತ್ತೆ."

"ಹಾಗಾದ್ರೆ ಯಾರು ತಗೊಂಡ್ರು, ನೀನೇ ಹೇಳ್ಬಿಡು ತಾಯಿ."

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ. ಗೊತ್ತಿಲ್ದೆ ಒಬ್ಬಳನ್ನ ಮನೆ ಬಿಡಿಸೋದು ಬೇಡ."

ಅತ್ತೆ ಬೋರ್ಡನ್ನು ಗೋಡೆಗೆ ಒರಗಿಸಿ ಒಳಗೆ ಹೋದರು.

ಹುಡುಗಿ ಈಗಲೂ ಮೇಲೇ ಇದ್ದಾಳೆ. ಮೂಗುಬೊಟ್ಟು ಸಿಕ್ಕಿಲ್ಲ. ಅವಳನ್ನು ಪೂರ್ತಿ ನಂಬುತ್ತೇನೆಯೇ ಎಂದರೆ, ಇಲ್ಲ. ಅತ್ತೆಯ ಕಥೆಯನ್ನೂ ನಂಬುವುದಿಲ್ಲ.